ಕಟ್ಟಿನ ಅಡಿಯ ಚೀಟಿ

ರಾಜಧಾನಿ ನುವಾಕ್ಷೋಟ್‌ನ ಸರ್ಕಾರಿ ರೇಡಿಯೋದಲ್ಲಿ ಸಂಜೆಯ ಸಂದೇಶ ಓದುತ್ತಿದ್ದವಳು ಮಕ್ಫೂಲಾ. ಮರಳುಗಾಡಿನಲ್ಲಿ ಒಂಟೆ ಮೇಯಿಸುವವರಿಗೆ ಪಟ್ಟಣದ ನೆಂಟರು ಚೀಟಿ ಬರೆದು ಕೊಡುತ್ತಿದ್ದರು: ಇಂಥವನಿಗೆ ಗಂಡುಮಗು ಆಗಿದೆ, ಇಂಥವನು ಇಂಥ ಬಾವಿಗೆ ಬರಲಿ. ಹತ್ತೊಂಬತ್ತು ವರ್ಷ ಓದಿದಳು. ಓದುವವರ ಮನೆಯದೇ ಚೀಟಿಯಿದ್ದರೆ ಅದು ಕಟ್ಟಿನ ಅಡಿಗೆ ಹೋಗಬೇಕು, ಕೊನೆಗೆ ಓದಬೇಕು. ಆ ಕುರ್ಚಿಯ ನಿಯಮ ಅದು. ಅವಳು ಒಮ್ಮೆಯೂ ಮುರಿದವಳಲ್ಲ.

ದೇಶದ ಅಧ್ಯಕ್ಷರ ಪ್ರವಾಸದ ವರದಿ ಬಂತೆಂದರೆ ಸಂದೇಶಗಳಿಗೆ ಕತ್ತರಿ. ಮೇಲಧಿಕಾರಿ ಯಹ್ದಿಯ ಜೊತೆ ಜಗಳವಾಡಿ ಸಾಕಾಗಿ, ಖಾಸಗಿ ರೇಡಿಯೋಗಳಿಗೆ ಅನುಮತಿ ಸಿಕ್ಕ ವರ್ಷವೇ ಅವಳು ಅತ್ತ ಹಾರಿದಳು. ಸರ್ಕಾರಿ ರೇಡಿಯೋದ ಮೆಟ್ಟಿಲು ಇನ್ನು ತುಳಿಯುವುದಿಲ್ಲವೆಂದು ತನ್ನ ತಮ್ಮ ಸೀದಾತಿಯ ಮುಂದೆ ಆಣೆಯಿಟ್ಟಳು. ಹೊಸ ಕಡೆ ಮಂತ್ರಿಗಳನ್ನೂ ಬಿಡದೆ ಝಾಡಿಸಿದಳು. ಪಟ್ಟಣವೇ ಕಿವಿಗೊಟ್ಟಿತು. ಪಟ್ಟಣದ ಅಂಚು ದಾಟಿದರೆ ಮಾತ್ರ ಆ ರೇಡಿಯೋ ಬರೀ ಗೊರಗೊರ.

ಅಷ್ಟರಲ್ಲಿ ಅಮ್ಮ ಹಾಸಿಗೆ ಹಿಡಿದಳು. "ಸೀದಾತೀನ ಕರೆಸೇ. ಒಂದ್ಸಲ ಮುಖ ನೋಡ್ಬೇಕು."

ಅವನಿದ್ದದ್ದು ಒಂಟೆಗಳ ಜೊತೆ, ಸರ್ಕಾರಿ ರೇಡಿಯೋ ಬಿಟ್ಟರೆ ಫೋನೂ ಮುಟ್ಟದ ಮರಳಿನಲ್ಲಿ. ಮಕ್ಫೂಲಾ ಚೀಟಿ ಬರೆದುಕೊಂಡು, ಆಣೆಯನ್ನು ನುಂಗಿ, ಹಳೆಯ ಮೆಟ್ಟಿಲು ಹತ್ತಿದಳು. ಅವಮಾನಕ್ಕೆ ಕಿವಿ ಬಿಸಿಯಾಗಿತ್ತು.

"ಬಾರಮ್ಮ, ಮಂತ್ರಿಗಳಿಗೆ ಬೈಯೋದು ಮುಗೀತಾ?" ಎಂದ ಯಹ್ದಿ. ಚೀಟಿ ಓದಿದ ಮೇಲೆ ಅವನ ಮುಖ ಸಣ್ಣದಾಯಿತು. "ಓದೋಳು ಜ್ವರ ಅಂತ ಬಂದಿಲ್ಲ. ನೀನೇ ಕೂತ್ಕೋ. ನಿಂದು ಮೊದಲು ಓದ್ಬಿಡು."

"ಅದ್ಹೇಗಾಗುತ್ತೆ? ಉಳಿದವರ ಮನೇಲಿ ಅಮ್ಮಂದಿರಿಲ್ವಾ?"

ಹಟಮಾರಿ ಹೆಂಗಸು! ಬೈಯೋಣವೆಂದರೆ, ಪಟ್ಟಣದವರಾದ ನಮ್ಮ ಎಷ್ಟು ಚೀಟಿಗಳು ಅವಳ ಆ ಹಟದಿಂದಲೇ ಮುಟ್ಟಿದ್ದವೋ.

ನಲವತ್ತು ಓದಿದಳು. ಅಡಿಯ ತನ್ನದೂ ಸೇರಿ ಇನ್ನು ಮೂರು ಉಳಿದಿರುವಾಗ ಗಾಜಿನಾಚೆ ಯಹ್ದಿ ಕೈ ಚೆಲ್ಲಿದ. ಅಧ್ಯಕ್ಷರ ವಿಮಾನ ಇಳಿದಿತ್ತು, ಮೇಲಿನಿಂದ ಫೋನು ಬಂದಿತ್ತು. ಮೈಕು ಸತ್ತಿತು.

"ಓದಿದ್ಯೇನೇ?" ಮನೆಯಲ್ಲಿ ಅಮ್ಮ ಕೇಳಿದಳು. ಸಂದೇಶದ ಹೊತ್ತಿನಲ್ಲಿ ರೇಡಿಯೋ ಹಚ್ಚಿಕೊಡಲು ಅಮ್ಮನ ಹತ್ತಿರ ಯಾರೂ ಇರಲಿಲ್ಲ.

"ಹೂಂ, ಓದಿದೆ" ಎಂದವಳು ಹೊರಗೆ ಹೋಗಿ ಅತ್ತಳು.

ನಾಲ್ಕನೆಯ ದಿನ ಬೆಳಿಗ್ಗೆ ಸೀದಾತಿ ಬಾಗಿಲಲ್ಲಿ ನಿಂತಿದ್ದ, ಹುಬ್ಬಿನವರೆಗೂ ಧೂಳು. ಅಮ್ಮ ಎರಡೂ ಕೈಯಲ್ಲಿ ಅವನ ಮುಖ ಹಿಡಿದುಕೊಂಡು ಬಿಡಲೇ ಇಲ್ಲ.

ಅಮ್ಮನಿಗೆ ನಿದ್ದೆ ಹತ್ತಿದ ಮೇಲೆ ಮಕ್ಫೂಲಾ ಕೇಳಿದಳು. "ನಿನ್ನ ಚೀಟಿ ಓದೋಕೇ ಆಗ್ಲಿಲ್ಲ ಕಣೋ. ಹೇಗೋ ಬಂದೆ?"

"ಯಾವ ಚೀಟಿ? ನಾನು ಕೊನೇವರೆಗೂ ಕೇಳ್ಲೇ ಇಲ್ಲಕ್ಕ. ನೀನು ಅಲ್ಲಿ ಹೋಗಿ ಕೂತಿದೀಯ ಅಂದ್ರೆ ಅಮ್ಮಂಗೇ ಏನೋ ಆಗಿದೆ ಅಂದ್ಕೊಂಡೆ. ನೀನು ಎರಡನೇದು ಓದೋ ಹೊತ್ತಿಗೆ ಒಂಟೆ ಹತ್ತಿದ್ದೆ."