ನನಗೆ ಬರುತ್ತಿದ್ದ ಜಪಾನಿ ಭಾಷೆ

ನನಗೆ ಜಪಾನಿ ಭಾಷೆಯ ಒಂದಕ್ಷರವೂ ಬರುವುದಿಲ್ಲ. ಈ ಮಾತನ್ನು ನಾನು ಹೇಳಬೇಕಾಗಿದ್ದ ಮನೆಯೊಂದು ಮಂಡ್ಯದಲ್ಲಿತ್ತು. ಅಲ್ಲಿ ಹೇಳಲಿಲ್ಲ. ಈಗ ಬರೆಯುವುದಕ್ಕೆ ಧೈರ್ಯವೇನೂ ಬೇಕಿಲ್ಲ, ಕೇಳಬೇಕಾದವರು ಯಾರೂ ಉಳಿದಿಲ್ಲ.

ನಾನು ಮದ್ದೂರಿನವಳು. ಲೋಯರ್ ಸೆಕೆಂಡರಿ ಪಾಸು ಮಾಡಿದ ಮೇಲೆ ಮಂಡ್ಯದ ಮೇಷ್ಟರೊಬ್ಬರಿಗೆ ನನ್ನನ್ನು ಕೊಟ್ಟರು. ನಾವಿದ್ದ ಬೀದಿಯ ಹೆಂಗಸರಲ್ಲಿ ಓದುಬರಹ ಬಲ್ಲವಳು ನಾನೊಬ್ಬಳೇ. ಯಾರ ಮನೆಗೆ ಕಾಗದ ಬಂದರೂ ನನ್ನ ಬಾಗಿಲಿಗೇ ತರಬೇಕು. ಆ ಜಂಬ ನನಗೆ ನೆತ್ತಿಗೇರಿತ್ತು.

ನಮ್ಮ ಹಿತ್ತಲ ಗೋಡೆಯ ಆಚೆ ಒಂದು ಮುಸಲ್ಮಾನರ ಮನೆ. ಯಜಮಾನರದು ಪೇಟೆಯಲ್ಲಿ ಪಿಂಗಾಣಿ ಅಂಗಡಿ. ಅವರ ಹೆಂಡತಿಯನ್ನು ಎಲ್ಲರ ಹಾಗೆ ನಾನೂ ಬೂಬಮ್ಮ ಎನ್ನುತ್ತಿದ್ದೆ. ಅವರ ಒಬ್ಬನೇ ಮಗ ಲಾರಿ ರಿಪೇರಿ ಕೆಲಸ ಕಲಿತಿದ್ದ. ಸೊಸೆ ಮಳವಳ್ಳಿಯವಳು, ಮದುವೆಯಾಗಿ ವರ್ಷ ತುಂಬಿರಲಿಲ್ಲ. ಮಧ್ಯಾಹ್ನ ಅವರ ಹಿತ್ತಲಲ್ಲಿ ಬೀದಿಯ ಹೆಂಗಸರು ಐದಾರು ಮಂದಿ ಸೇರುತ್ತಿದ್ದರು. ನಾನೂ ಹೋಗುತ್ತಿದ್ದೆ. ಅಷ್ಟು ವರ್ಷ ಹೋದವಳು ಆ ಮನೆಯಲ್ಲಿ ಒಂದು ಲೋಟ ನೀರು ಕುಡಿಯಲಿಲ್ಲ. ಅವರೂ ಕೊಡಲು ಬರಲಿಲ್ಲ, ಗೊತ್ತಿತ್ತು ಅವರಿಗೆ.

ಆಗೆಲ್ಲ ಅಂಗಡಿಯ ಕಪ್ಪು ಬಸಿ ಜಪಾನಿನಿಂದಲೇ ಬರುತ್ತಿದ್ದವು. ಒಂದೊಂದು ಕಪ್ಪಿಗೂ ಹಳೆಯ ಜಪಾನಿ ಪತ್ರಿಕೆಯ ಹಾಳೆ ಸುತ್ತಿರುತ್ತಿತ್ತು. ಒಲೆ ಹಚ್ಚುವುದಕ್ಕೆಂದು ಬೂಬಮ್ಮ ಅವನ್ನು ಮೂಲೆಯಲ್ಲಿ ಒಟ್ಟುತ್ತಿದ್ದರು. ಒಂದು ದಿನ ಅದರಲ್ಲೊಂದು ಹಾಳೆ ಬಿಡಿಸಿ ನೋಡಿದೆ. ಸಾಲುಸಾಲು ಚೌಕ, ಚೌಕದ ತುಂಬ ಚಿತ್ರ, ಮಾತಾಡುವವರ ಬಾಯಿಯ ಪಕ್ಕದಲ್ಲೇ ಅಕ್ಷರ. ಚಿತ್ರದಲ್ಲೇ ಕಥೆ ನಡೆಯುತ್ತಿತ್ತು. ಅಂಥದ್ದನ್ನು ನಾನು ಹುಟ್ಟಿದ ಮೇಲೆ ಕಂಡಿರಲಿಲ್ಲ.

"ಮೇಷ್ಟ್ರಮ್ಮ, ನಿಂಗೆ ಇಂಗ್ಲಿಷ್ ಬತ್ತದೆ. ಇದೂ ಬತ್ತದಾ?" ಅಂದರು ಬೂಬಮ್ಮ.

ಇಲ್ಲ ಅನ್ನುವುದಕ್ಕೆ ಎಷ್ಟು ಹೊತ್ತು ಬೇಕು? ಆದರೆ ಐದಾರು ಜೊತೆ ಕಣ್ಣು ನನ್ನ ಮುಖ ನೋಡುತ್ತಿದ್ದವು. "ಸ್ವಲ್ಪ ಸ್ವಲ್ಪ ಬರುತ್ತೆ. ಬೊಂಬಾಯಿಯಲ್ಲಿ ಹಡಗಿನ ಆಫೀಸಿನಲ್ಲಿರುವ ನಮ್ಮಣ್ಣ ಹೇಳಿಕೊಟ್ಟ" ಅಂದುಬಿಟ್ಟೆ. ನನಗೆ ಅಣ್ಣನೇ ಇರಲಿಲ್ಲ.

ಅಲ್ಲಿಂದ ಶುರುವಾಯಿತು. ಒಂದೇ ಪಾತ್ರದ ಮುಖ ಕಾಣುವ ಹಾಳೆಗಳನ್ನೆಲ್ಲ ಒಟ್ಟಿಗೆ ಆರಿಸಿ, ದಾರದಲ್ಲಿ ಹೊಲಿದು ಮೂರು ಕಟ್ಟು ಮಾಡಿದೆ. ಒಂದರಲ್ಲಿ ಮೋಡದ ಮೇಲೆ ಓಡುವ ಹುಡುಗ ಮತ್ತು ಮಾತಾಡುವ ಮೀನು. ಅದು ಮಾಯದ ಕಥೆ. ಇನ್ನೊಂದರಲ್ಲಿ ದೊಡ್ಡ ಕಣ್ಣಿನ ಹುಡುಗಿ ಕಿಟಕಿಯಲ್ಲಿ ನಿಂತು ಅಳುತ್ತಿದ್ದಳು. ಅದು ಪ್ರೀತಿಯ ಕಥೆ. ಮೂರನೆಯದು ದೆವ್ವದ್ದು. ಅದರ ಮೊದಲ ಚಿತ್ರದಲ್ಲಿ ಒಬ್ಬ ಮುದುಕಿಯನ್ನು ಮಣ್ಣು ಮಾಡುತ್ತಿದ್ದರು, ಕೊನೆಯಲ್ಲಿ ಅದೇ ಮುದುಕಿ ಮೂಲಂಗಿ ಹೆಚ್ಚುತ್ತ ನಗುತ್ತಿದ್ದಳು. ಸತ್ತವಳು ಎದ್ದು ಬಂದು ಮೂಲಂಗಿ ಹೆಚ್ಚಿದರೆ ದೆವ್ವವಲ್ಲದೆ ಇನ್ನೇನು?

ಬೂಬಮ್ಮ ಆ ಹಾಳೆಯನ್ನು ತುಂಬ ಹೊತ್ತು ನೋಡಿದರು. "ನಮ್ ಉರ್ದು ಪುಸ್ತಕವ ಬಲಗಡೆಯಿಂದ ಓದ್ತಾರೆ ಕಣವ್ವ. ಇದೂ ಅಂಗೇ ಇದ್ದಾತು. ಮುದ್ಕಿ ಮೊದ್ಲು ಮೂಲಂಗಿ ಎಚ್ಚುದ್ಲು, ಆಮ್ಯಾಕೆ ಸತ್ಲು ಅಂದ್ರೆ ಸರಿಓಯ್ತದಲ್ಲ?"

ಅವರು ಹೇಳಿದ್ದೇ ಸರಿ ಎಂದು ನನಗೆ ಆ ಕ್ಷಣವೇ ಹೊಳೆಯಿತು. ಮೈಯೆಲ್ಲ ಉರಿದುಹೋಯಿತು. "ಜಪಾನಿನಲ್ಲಿ ಹಾಗಲ್ಲ ಬೂಬಮ್ಮ. ಓದಿದವಳು ನಾನೋ ನೀವೋ?" ಎಂದು ದಬಾಯಿಸಿದೆ.

"ತಪ್ಪಾಯ್ತು ಬುಡವ್ವ, ನಾವೇನ್ ಕಂಡೀವಿ" ಎಂದು ಅವರು ಕೈಬಿಟ್ಟರು. ಆಮೇಲೆ ಎಂದೂ ನನ್ನ ಮಾತಿಗೆ ಎದುರಾಡಲಿಲ್ಲ. ಆ ಬುದ್ಧಿವಂತೆಯ ಬಾಯಿ ಮುಚ್ಚಿಸಿದ್ದನ್ನು ಆವತ್ತು ಗೆಲುವು ಅಂದುಕೊಂಡೆ.

ಕಥೆ ಕೇಳಿದವರು ಚಿತ್ರ ನೋಡಲು ಕಟ್ಟನ್ನು ಮನೆಗೆ ಒಯ್ಯುತ್ತಿದ್ದರು. ಯಾರಿಗೆ ಯಾವುದು ಎಂದು ಹೇಳುವವಳು ನಾನೇ, ಪಂಡಿತರು ಔಷಧ ಕೊಡುವ ಗತ್ತಿನಲ್ಲಿ. ಬಸುರಿಯರು ದೆವ್ವದ ಕಟ್ಟು ಮುಟ್ಟಕೂಡದು. ಜ್ವರ ಬಿಟ್ಟು ಎದ್ದವರಿಗೆ ಮಾಯದ್ದು ಒಳ್ಳೆಯದು. ಅತ್ತೆಯರಿಗೆಲ್ಲ ದೆವ್ವವೇ ಬೇಕು, ಯಾಕೋ ಕಾಣೆ. ಪ್ರೀತಿಯದನ್ನು ಬೂಬಮ್ಮನ ಸೊಸೆಗೆ ಕೊಟ್ಟೆ. ಅವಳು ಅದನ್ನು ಹಾಳೆಗಳ ಅಂಚು ಸವೆಯುವಷ್ಟು ಸಲ ನೋಡಿದಳು.

ಲಡಾಯಿ ಶುರುವಾದ ಮೇಲೆ ಬೂಬಮ್ಮನ ಮಗ ಮಿಲಿಟರಿಗೆ ಮೆಕ್ಯಾನಿಕ್ಕಾಗಿ ಸೇರಿದ. ಅವನನ್ನು ಹಡಗಿನಲ್ಲಿ ಸಿಂಗಪುರಕ್ಕೆ ಕಳಿಸಿದರು. ಆಮೇಲೆ ಜಪಾನಿನವರೇ ಯುದ್ಧಕ್ಕೆ ಇಳಿದರು. ಶತ್ರುದೇಶದ ಕಾಗದ ಮನೆಯಲ್ಲಿದ್ದರೆ ನೌಕರಿಗೇ ಸಂಚಕಾರ ಎಂದು ನಮ್ಮ ಯಜಮಾನರು ಗಾಬರಿಯಾದರು. ಮೂರು ಕಟ್ಟನ್ನೂ ವಾಪಸು ತಂದು ಬಚ್ಚಲ ಒಲೆಗೆ ಹಾಕಿದೆ. ಪೀಡೆ ತೊಲಗಿತು ಎಂದು ನಿಟ್ಟುಸಿರು ಬಿಟ್ಟೆ. ಸಿಂಗಪುರ ಬಿದ್ದಿತು. ಹುಡುಗ ಬದುಕಿದ್ದಾನೋ ಇಲ್ಲವೋ ಯಾರಿಗೂ ಗೊತ್ತಿರಲಿಲ್ಲ.

ಒಂದೂವರೆ ವರ್ಷದ ಮೇಲೆ ಒಂದು ಕಾರ್ಡು ಬಂತು. ಬೂಬಮ್ಮ ಅದನ್ನು ಸೆರಗಿನಲ್ಲಿ ಮುಚ್ಚಿಕೊಂಡು ನಮ್ಮ ಹಿತ್ತಲ ಬಾಗಿಲಿಗೆ ಬಂದರು. ಹಿಂದೆ ಸೊಸೆ ನಿಂತಿದ್ದಳು. ಕಾರ್ಡಿನಲ್ಲಿ ಇಂಗ್ಲಿಷಿನಲ್ಲಿ ಅಚ್ಚು ಹಾಕಿದ ಎರಡು ಸಾಲು, ನಾನು ಸೆರೆಯಲ್ಲಿದ್ದೇನೆ, ಕ್ಷೇಮವಾಗಿದ್ದೇನೆ ಎಂದು. ಕೆಳಗೆ ಅವನ ರುಜು. ಪಕ್ಕದಲ್ಲಿ ಕೆಂಪು ಮಸಿಯ ಮೊಹರು, ಅದರೊಳಗೆ ಮೇಲಿಂದ ಕೆಳಕ್ಕೆ ಐದಾರು ಜಪಾನಿ ಅಕ್ಷರ. ತಾರೀಖು ಎಲ್ಲೂ ಇರಲಿಲ್ಲ.

"ಇಂಗ್ಲಿಷ್ನ ಪೋಸ್ಟ್ ಮಾಸ್ಟ್ರು ಓದುದ್ರು. ಅದು ಬುಡು, ಎಲ್ರಿಗೂ ಒಂದೇ ಅಚ್ಚು. ಈ ಕೆಂಪಕ್ಸರ ಸೆರೆ ಇಡ್ಕೊಂಡೋರೇ ಬರ್ದಿರಾದು. ನಿಜ ಇದ್ರೆ ಇಲ್ಲೇ ಇರ್ಬೇಕು. ಇದ್ನ ಓದವ್ವ" ಅಂದರು.

ನಾನು ಕಾರ್ಡನ್ನು ತಿರುಗಿಸಿ ನೋಡಿದೆ. ಅವರೇ ಮುಂದುವರಿಸಿದರು. "ಇವ್ಳಪ್ಪ ಮಳವಳ್ಳಿಯಿಂದ ಬಂದು ಕುಂತವ್ನೆ. ಅಲ್ಲಿ ಒಬ್ಬ ದರ್ಜಿ ಅವ್ನಂತೆ, ಎಂಡ್ತಿ ಸತ್ತೋಗಿ ಒಂದು ಮಗೀನ ಇಟ್ಕೊಂಡವ್ನೆ, ಒಳ್ಳೆಯೋನಂತೆ. ನಿಕಾ ಮಾಡ್ಬುಡ್ತೀನಿ ಅಂತಾನೆ. ನನ್ ಮಗ ಬತ್ತಾನೆ ಅಂದ್ರೆ ಇವ್ಳ ಇಟ್ಕೋತೀನಿ. ಇಲ್ಲ ಅಂದ್ರೆ ನಾನೇ ಕಳ್ಸ್ಬುಡ್ತೀನಿ. ಎಣ್ಮಗೀನ ಬಾಳು ಕೆಡ್ಸಕಿಲ್ಲ ನಾನು."

ಆಗಲೂ ಹೇಳಬಹುದಿತ್ತು. ಬೂಬಮ್ಮ, ನನಗೆ ಈ ಭಾಷೆ ಬರುವುದಿಲ್ಲ, ಅವತ್ತೆಲ್ಲ ಬುರುಡೆ ಬಿಟ್ಟೆ ಎಂದು. ನಾಲ್ಕು ಜನ ನಕ್ಕಿದ್ದರೆ ಏನು ಹೋಗುತ್ತಿತ್ತು? ಅವರ ಮುಖ ನೋಡಿ ಕನಿಕರ ಬಂತು, ಅದಕ್ಕೇ ಓದಿದ ಹಾಗೆ ಮಾಡಿದೆ ಎಂದು ಎಷ್ಟೋ ವರ್ಷ ನನಗೆ ನಾನೇ ಹೇಳಿಕೊಂಡೆ. ಅದು ಪೂರ್ತಿ ನಿಜವಲ್ಲ. ನನ್ನ ಮರ್ಯಾದೆ ಉಳಿಯಬೇಕಾಗಿತ್ತು, ಅಷ್ಟೇ.

ಮೊಹರಿನ ಮೇಲೆ ಬೆರಳಿಟ್ಟು, ಮೇಲಿಂದ ಕೆಳಕ್ಕೆ ನಿಧಾನವಾಗಿ ಎಳೆದೆ. "ಬದುಕಿದ್ದಾನೆ. ಲಡಾಯಿ ಮುಗಿದ ಮೇಲೆ ಮನೆಗೆ ಕಳಿಸುತ್ತೇವೆ ಅಂತ ಬರೆದಿದೆ" ಅಂದೆ.

ಸೊಸೆ ಗೋಡೆಗೆ ಹಣೆ ಕೊಟ್ಟು ಅತ್ತಳು. ಬೂಬಮ್ಮ ನನ್ನ ಎರಡೂ ಕೈ ಹಿಡಿದುಕೊಂಡು ಕಣ್ಣಿಗೆ ಒತ್ತಿಕೊಂಡರು. ಸೊಸೆಯ ಅಪ್ಪ ಸಂಜೆಯ ಬಸ್ಸಿಗೆ ಬರಿಗೈಯಲ್ಲಿ ವಾಪಸಾದರು. ದರ್ಜಿ ಆರು ತಿಂಗಳು ಕಾದನಂತೆ. ಆಮೇಲೆ ಬೇರೆ ಕಡೆ ಮದುವೆಯಾದ.

ಯುದ್ಧ ಮುಗಿಯಿತು. ಮಂಡ್ಯ ಸೀಮೆಯಿಂದ ಹೋಗಿದ್ದವರಲ್ಲಿ ಕೆಲವರು ಎಲುಬಿನ ಗೂಡಾಗಿ ಮರಳಿದರು. ರೈಲು ಬರುವ ಹೊತ್ತಿಗೆ ಸೊಸೆ ಬಾಗಿಲಲ್ಲಿ ನಿಲ್ಲುವುದು ನಮ್ಮ ಹಿತ್ತಲಿನಿಂದ ಕಾಣುತ್ತಿತ್ತು. ನಾನು ಬಟ್ಟೆ ಒಣಹಾಕುವ ಹೊತ್ತನ್ನೇ ಬದಲಾಯಿಸಿಕೊಂಡೆ. ನಾಲ್ಕೈದು ತಿಂಗಳಿಗೆ ಸರ್ಕಾರದ ಕಾಗದ ಬಂತು. ಅದನ್ನು ನಮ್ಮ ಯಜಮಾನರೇ ಓದಿ ಹೇಳಿದರು. ಹುಡುಗ ಸೆರೆಯಲ್ಲೇ ಕಾಯಿಲೆ ಬಿದ್ದು ಸತ್ತಿದ್ದ. ಕಾಗದದಲ್ಲಿದ್ದ ತಾರೀಖಿನಿಂದ ಲೆಕ್ಕ ಹಾಕಿದರೆ, ನಾನು ಮೊಹರಿನ ಮೇಲೆ ಬೆರಳಿಟ್ಟು ಓದಿದ ದಿನಕ್ಕೆ ಅವನು ಸತ್ತು ಮೂರು ತಿಂಗಳಾಗಿತ್ತು.

ಎರಡು ದಿನ ಆ ಮನೆಗೆ ಹೋಗಲಿಲ್ಲ. ಮೂರನೆಯ ದಿನ ಎಲ್ಲವನ್ನೂ ಹೇಳಿಬಿಡಬೇಕು, ಬೈದರೆ ಬೈಸಿಕೊಳ್ಳಬೇಕು, ಹೊಡೆದರೆ ಹೊಡೆಸಿಕೊಳ್ಳಬೇಕು ಎಂದುಕೊಂಡು ಹೋದೆ. ಸೊಸೆ ಒಳಗೆ ಅಕ್ಕಿ ಆರಿಸುತ್ತಿದ್ದಳು, ತಲೆ ಎತ್ತಲಿಲ್ಲ. ಬೂಬಮ್ಮ ಚಾಪೆ ಹಾಸಿದರು. ನಾನು ಕೂತೆ. ಚಾಪೆಯ ಅಂಚಿನ ಎಳೆಯೊಂದನ್ನು ಕೀಳತೊಡಗಿದೆ.

ಅವರೇ ನನ್ನ ಮೊಣಕಾಲಿನ ಮೇಲೆ ಕೈಯಿಟ್ಟರು. "ನೀನ್ಯಾಕೆ ಇಂಗೆ ಬಾಡೋಗಿದೀಯವ್ವ? ನಿಂದೇನ್ ತಪ್ಪು? ಆ ಜಪಾನ್ನೋರು ಸುಳ್ಳು ಬರೆದವ್ರೆ, ಬರೆದಿದ್ನ ನೀನು ಓದ್ದೆ. ಪಾಪಿ ನನ್ ಮಕ್ಳು, ಸತ್ತೋನ್ನ ಬದುಕವ್ನೆ ಅಂತ ಬರ್ಯಕೆ ಎಂಗೆ ಮನಸ್ ಬಂತೋ?"

ಒಳಗೆ ಅಕ್ಕಿ ಆರಿಸುವ ಸದ್ದು ನಿಂತಿತ್ತು.

"ಹೌದು ಬೂಬಮ್ಮ," ಅಂದೆ ನಾನು. "ಅವರು ಸುಳ್ಳೇ ಬರೆದಿದ್ದರು."