ಸಹರಿಗೆ ಕೂತ ಮೀನು

ವರ್ಷಕ್ಕೆ ಹನ್ನೊಂದು ತಿಂಗಳು ನಾನು ಒಳ್ಳೆಯ ಗಾಳಗಾರ. ಆ ಹನ್ನೊಂದು ತಿಂಗಳಲ್ಲಿ ಹಿಡಿದ ಮೀನುಗಳೆಲ್ಲ ಮೊಳಕ್ಕಿಂತ ಉದ್ದ. ತಪ್ಪಿಸಿಕೊಂಡು ಹೋದವಂತೂ ಅದಕ್ಕಿಂತ ಇನ್ನೊಂದು ಗೇಣು ಉದ್ದ. ಹನ್ನೆರಡನೆಯ ತಿಂಗಳು ರಂಜಾನ್. ರೋಜಾ ಇರುವವನು ಹೊಟ್ಟೆಗೆ ಬೀಗ ಹಾಕಿದರೆ ಸಾಲದು, ನಾಲಿಗೆಗೂ ಹಾಕಬೇಕು. ಸುಳ್ಳಾಡಿದರೆ ಇಡೀ ದಿನದ ಹಸಿವು ಹೊಳೆಯಲ್ಲಿ ಹುಣಸೆಹಣ್ಣು ತೊಳೆದ ಹಾಗೆ ಎಂದು ಚಿಕ್ಕಂದಿನಿಂದ ಕೇಳಿಕೊಂಡು ಬಂದಿದ್ದೇನೆ. ಉಳಿದ ತಿಂಗಳುಗಳಲ್ಲಿ ಸುಳ್ಳಿಗೆ ಪರವಾನಗಿ ಇದೆಯೆಂದು ಯಾರೂ ಹೇಳಿಲ್ಲ. ಅದು ನಾನೇ ಮಾಡಿಕೊಂಡ ಅನುಕೂಲ.

ಇದನ್ನು ಚೆನ್ನಾಗಿ ಬಲ್ಲವನು ನಾಗರಾಜ. ಮಂಡ್ಯದವನು. ಇಲ್ಲಿ ಅಮೆರಿಕದ ರಾಲಿಯಲ್ಲಿ ನಮ್ಮ ಮನೆಯಿಂದ ಎರಡು ಬೀದಿ ಆಚೆ ಇರುತ್ತಾನೆ. ಕೊರೋನಾ ಕಾಲದಲ್ಲಿ ಆಫೀಸೆಂಬ ಆಫೀಸೆಲ್ಲ ಮನೆಯೊಳಗೆ ಬಂದು ಕೂತಾಗ, ಮೀಟಿಂಗುಗಳ ನಡುವೆ ಉಸಿರಾಡಲು ಕೆರೆ ದಂಡೆಯೇ ಸರಿ ಎಂದು ನನ್ನ ಕೈಗೂ ಒಂದು ಗಾಳದ ಕೋಲು ಕೊಟ್ಟವನು ಅವನೇ. ಪ್ರತಿ ರಂಜಾನಿಗೂ ತಪ್ಪದೆ ಅವನ ಫೋನ್ ಬರುತ್ತದೆ, ಅದೂ ಮಧ್ಯಾಹ್ನ ಮೂರರ ಮೇಲೆ, ನನ್ನಲ್ಲಿ ವಾದ ಮಾಡುವ ತ್ರಾಣ ಇಲ್ಲದ ಹೊತ್ತಿಗೆ.

"ರೋಜಾ ಇದ್ದೀಯ ತಾನೇ?"

"ಹೂಂ."

"ಹಂಗಾದ್ರೆ ಈಗ ಹೇಳು ಗುರೂ, ಜೂನ್‌ನಲ್ಲಿ ಹಿಡಿದೆ ಅಂದ್ಯಲ್ಲ, ಆ ಮೀನು ನಿಜವಾಗ್ಲೂ ಎಷ್ಟುದ್ದ ಇತ್ತು?"

ನಾನು ಅರ್ಧ ಅಡಿ ಇಳಿಸುತ್ತೇನೆ. ಅವನು ಖುಷಿಯಾಗಿ ಫೋನ್ ಇಡುತ್ತಾನೆ. ಹೀಗೆ ವರ್ಷವಿಡೀ ನಾನು ಮೇಯಿಸಿ ಬೆಳೆಸಿದ ಮೀನುಗಳೆಲ್ಲ ಒಂದೇ ತಿಂಗಳಲ್ಲಿ ಬಡಕಲಾಗಿ ಹೋಗುತ್ತವೆ.

ರಂಜಾನ್ ವರ್ಷ ವರ್ಷವೂ ಹತ್ತು ಹನ್ನೊಂದು ದಿನ ಹಿಂದೆ ಸರಿಯುತ್ತದೆ. ಬೇಸಿಗೆಯಲ್ಲಿದ್ದದ್ದು ಸರಿಯುತ್ತಾ ಸರಿಯುತ್ತಾ ಮಾರ್ಚ್‌ಗೆ ಬಂದಾಗ ನನಗೆ ಫಜೀತಿ ಶುರುವಾಯಿತು. ಗಾಳದವರಿಗೆ ಮಾರ್ಚ್ ಎಂದರೆ ಮದುವೆ ಸೀಸನ್. ನಮ್ಮ ಕೆರೆ, ಕೆರೆಯೆನ್ನುವುದು ಬಾಯಿಮಾತು, ಕನ್ನಂಬಾಡಿಯ ಹಾಗೆ ಕಟ್ಟೆ ಹಾಕಿ ನಿಲ್ಲಿಸಿದ ನೀರು. ಅದರಲ್ಲಿ ಬಾಸ್ ಎಂಬ ದೊಡ್ಡ ಬಾಯಿಯ ಹಸಿರು ಮೀನಿದೆ. ಚಳಿಗಾಲವೆಲ್ಲ ಆಳದಲ್ಲಿ ಮಂಕಾಗಿ ಬಿದ್ದಿರುತ್ತದೆ. ನೀರು ಐವತ್ತೈದು ಡಿಗ್ರಿ ಫ್ಯಾರನ್‌ಹೀಟಿಗೆ ಬಂತೋ, ದಂಡೆಯ ಕಡೆಗೆ ಹೊರಡುತ್ತದೆ. ಮೊಟ್ಟೆ ಇಡಲು ಇನ್ನೂ ಎರಡು ಮೂರು ವಾರ ಇರುವಾಗ ಕಂಡದ್ದನ್ನೆಲ್ಲ ತಿನ್ನುತ್ತದೆ. ಆಮೇಲೆ ಗಂಡು ಗೂಡು ಕಾಯುತ್ತಾ ಕೂರುತ್ತದೆ, ಅದಕ್ಕೆ ಊಟದ ಯೋಚನೆಯೇ ಇರುವುದಿಲ್ಲ. ಮೊಟ್ಟೆಯಿಡುವ ದಿನಗಳಲ್ಲಿ ಹೆಣ್ಣಿಗೂ ಅಷ್ಟೇ. ಇಷ್ಟನ್ನೂ ನಾಗರಾಜ ನನಗೆ ಸ್ಲೈಡ್ ಮಾಡಿ ವಿವರಿಸಿದ್ದಾನೆ. ಬಿಸಿಲಿಗೆ ದಂಡೆಯ ನೀರು ಕಾಯಬೇಕಾದ್ದರಿಂದ ಈ ಕಾಲದಲ್ಲಿ ಬೆಳಗಿಗಿಂತ ಮಧ್ಯಾಹ್ನವೇ ವಾಸಿಯಂತೆ. ಅಂದರೆ, ರೋಜಾ ಇರುವವನ ಕಾಲು ನಡುಗುವ ಹೊತ್ತು.

ಈಗ ನನ್ನ ಅಪರಾಧಕ್ಕೆ ಬರುತ್ತೇನೆ. ಅಮ್ಮಿ ಶ್ರೀರಂಗಪಟ್ಟಣದವರು, ಅಲ್ಲಿಯ ಶಾಲೆಯಲ್ಲಿ ಮೂವತ್ತು ವರ್ಷ ಕನ್ನಡ ಟೀಚರಾಗಿದ್ದವರು. ಪ್ರೀತಿಗೆ ಉರ್ದು, ವಿಚಾರಣೆಗೆ ಕನ್ನಡ ಎಂದು ಮನೆಯಲ್ಲಿ ಭಾಷೆಗಳನ್ನು ಹಂಚಿಟ್ಟಿದ್ದಾರೆ. ಕಾವೇರಿ ಮೀನು ತಿಂದು ಬೆಳೆದ ಬಾಯಿ. ಮೂರು ವರ್ಷದ ಹಿಂದೆ ಮೊದಲ ಸಲ ಇಲ್ಲಿಗೆ ಬಂದಾಗ, ಅಂಗಡಿಯ ಪ್ಯಾಕೆಟ್ಟಿನ ಮೀನನ್ನು ಹಿಂದೆ ಮುಂದೆ ತಿರುಗಿಸಿ ನೋಡಿ, "ತಲೆ ಇಲ್ಲ, ಬಾಲ ಇಲ್ಲ, ಮುಳ್ಳೂ ಇಲ್ಲ. ಇದು ಮೀನು ಅಂತ ಯಾವ ಧೈರ್ಯದ ಮೇಲೆ ನಂಬಲಿ?" ಎಂದರು. ನಾನು ಎದೆಯುಬ್ಬಿಸಿ, "ನಾನೇ ಹಿಡಿದು ತರ್ತೀನಿ ಬಿಡಿ ಅಮ್ಮಿ" ಎಂದುಬಿಟ್ಟೆ. ಮೂರು ಶನಿವಾರ ಹೋದೆ. ಮೂರು ಶನಿವಾರವೂ ನನ್ನ ಪ್ಲಾಸ್ಟಿಕ್ ಎರೆಹುಳು ಹೋದ ಹಾಗೇ ವಾಪಸ್ ಬಂತು. ನಾಲ್ಕನೆಯ ಶನಿವಾರ ದಾರಿಯಲ್ಲಿ ಒಂದು ಏಷಿಯನ್ ಅಂಗಡಿಗೆ ನುಗ್ಗಿ, ಐಸಿನ ಮೇಲೆ ತಲೆ ಬಾಲ ಸಮೇತ ಮಲಗಿದ್ದ ಒಂದು ಬೆಳ್ಳಿ ಬಣ್ಣದ ಮೀನನ್ನು ಕೊಂಡು, ಗಾಳದ ಚೀಲಕ್ಕೆ ಹಾಕಿ, ಮೇಲೆ ಬಾಟಲಿ ನೀರು ಚಿಮುಕಿಸಿ ಮನೆಗೆ ತಂದೆ. ಅಮ್ಮಿ ಖಾರ ಅರಿಸಿನ ಮೆತ್ತಿ ಹುರಿದರು. ತಲೆಯನ್ನು ತಾವೇ ಇಟ್ಟುಕೊಂಡು ನಿಧಾನವಾಗಿ ಬಿಡಿಸಿ ತಿಂದರು. ಮಾರನೆಯ ದಿನದ ಹೊತ್ತಿಗೆ, ಮಗ ಅಮೆರಿಕದ ಕೆರೆಯಲ್ಲಿ ಮೀನು ಹಿಡಿದು ಅಮ್ಮಿಗೆ ತಿನ್ನಿಸಿದ ಸುದ್ದಿ ಶ್ರೀರಂಗಪಟ್ಟಣದ ನಮ್ಮ ನೆಂಟರ ಮನೆಗಳಲ್ಲೆಲ್ಲ ಹರಡಿತ್ತು.

ಹೋದ ವರ್ಷ ಅಮ್ಮಿ ಎರಡನೆಯ ಸಲ ಬಂದರು. ಬಂದ ವಾರಕ್ಕೇ ರಂಜಾನ್ ಹಿಡಿಯಿತು. ಈದ್ ಮುಗಿದ ಮೂರನೆಯ ದಿನ ವಾಪಸ್ ಹೊರಡುವ ಟಿಕೆಟ್. ಒಂದು ದಿನ ನನ್ನನ್ನು ಕೂರಿಸಿಕೊಂಡು ಹೇಳಿದರು: "ಹೋದ ಸಲ ಕೆರೆಯಿಂದ ಹಿಡಿದು ತಂದಿದ್ಯಲ್ಲ ಬೇಟಾ, ಅಂಥದ್ದೊಂದು ಇಫ್ತಾರ್‌ಗೆ ತಗೊಂಡ್ ಬಾ. ಹೋಗೋಕೆ ಮುಂಚೆ ಇನ್ನೊಂದ್ಸಲ ತಿನ್ನಬೇಕು ಅನ್ನಿಸ್ತಿದೆ."

ಕನ್ನಡದಲ್ಲಿ ಹೇಳಿದರು. ಆಗಲೇ ನನಗೆ ಅನುಮಾನ ಬರಬೇಕಿತ್ತು.

ಆ ಅಂಗಡಿ ಮನೆಯಿಂದ ಹದಿನೈದು ನಿಮಿಷದ ಡ್ರೈವ್. ಆದರೆ ರೋಜಾ ಬಾಯಲ್ಲಿ ಅಮ್ಮಿಯ ಮುಂದೆ ನಿಂತು ಮತ್ತೆ ಸುಳ್ಳು ಹೇಗೆ ಹೇಳಲಿ? ಉಳಿದದ್ದು ಎರಡೇ ದಾರಿ: ನಿಜವಾಗಿ ಮೀನು ಹಿಡಿಯಬೇಕು, ಇಲ್ಲವೇ ಹಳೆಯದನ್ನು ಒಪ್ಪಿಕೊಳ್ಳಬೇಕು. ನನಗೀಗ ನಲವತ್ತಾರು ವರ್ಷ. ಆಫೀಸಿನಲ್ಲಿ ಹದಿನೆಂಟು ಜನ ನನ್ನ ಕೈಕೆಳಗಿದ್ದಾರೆ. ಆದರೂ ಅಮ್ಮಿಯ ಮುಂದೆ ಒಪ್ಪಿಕೊಳ್ಳುವ ಧೈರ್ಯ ನನಗಿರಲಿಲ್ಲ. ಅವರು ಬೈಯುತ್ತಾರೆಂದಲ್ಲ. ಆ ಮೀನಿನ ಕತೆಯನ್ನು ಅವರು ಎರಡು ವರ್ಷ ಸಂತೋಷವಾಗಿ ಇಟ್ಟುಕೊಂಡಿದ್ದರು, ಅದನ್ನು ಕಿತ್ತುಕೊಳ್ಳಲು ಮನಸ್ಸು ಬರಲಿಲ್ಲ.

ಎರಡು ವಾರ ಒದ್ದಾಡಿದೆ. ಆ ದಿನಗಳಲ್ಲಿ ನಮ್ಮ ಬಡಾವಣೆಯ ಬೀದಿ ಬದಿಯಲ್ಲಿ ಸಾಲಾಗಿ ನೆಟ್ಟ ಪೇರ್ ಮರಗಳು ಬಿಳಿ ಹೂ ಬಿಟ್ಟು ನಿಂತಿದ್ದವು. ನೋಡಲು ಮಲ್ಲಿಗೆಯ ಚಪ್ಪರ, ಮೂಗಿಗೆ ಥೇಟ್ ಹಳಸಿದ ಮೀನು. ಇಡೀ ಬೀದಿ ಮೀನು ನಾರುತ್ತಿತ್ತು, ನನ್ನ ಚೀಲವೊಂದನ್ನು ಬಿಟ್ಟು. ಪ್ರತಿ ಸಂಜೆಯೂ ಅಮ್ಮಿ ಖರ್ಜೂರ ಕೈಯಲ್ಲಿ ಹಿಡಿದು, "ಸಿಕ್ತಾ?" ಎನ್ನುವರು. "ಇಲ್ಲ ಅಮ್ಮಿ." "ಇರ್ಲಿ ಬಿಡು, ನಾಳೆ ಇದೆ." ಆ ಸಮಾಧಾನವನ್ನು ಕೇಳುವುದಕ್ಕಿಂತ ಬೈಸಿಕೊಳ್ಳುವುದೇ ಮೇಲು.

ಮೂರನೆಯ ವಾರ, ಒಂದು ಗುರುವಾರ ಅರ್ಧ ದಿನ ರಜೆ ಹಾಕಿ ಹೋದೆ. ಆಫೀಸಿನ ಮೆಸೇಜುಗಳ ಕಾಟ ಬೇಡವೆಂದು ಫೋನನ್ನು ಕಾರಿನಲ್ಲೇ ಬಿಟ್ಟೆ. ನೀರು ಐವತ್ತಾರು ಡಿಗ್ರಿ. ದಂಡೆಯಲ್ಲಿ ನಾನೊಬ್ಬನೇ. ಬಾಯಿ ಒಣಗಿತ್ತು, ಕಣ್ಣ ಮುಂದೆ ಎಕರೆಗಟ್ಟಲೆ ಸಿಹಿನೀರು. ಮುರಿದು ಬಿದ್ದ ಮರದ ಪಕ್ಕಕ್ಕೆ ಹುಳು ಎಸೆದು, ನಿಧಾನಕ್ಕೆ, ನಾಗರಾಜ ಹೇಳಿಕೊಟ್ಟದ್ದಕ್ಕಿಂತಲೂ ನಿಧಾನಕ್ಕೆ ಎಳೆದೆ. ಅದಕ್ಕಿಂತ ಜೋರಾಗಿ ಎಳೆಯಲು ತ್ರಾಣವೂ ಇರಲಿಲ್ಲ. ಟಕ್ ಎಂದಿತು. ಆಮೇಲಿನದು ನನಗೆ ಸರಿಯಾಗಿ ನೆನಪಿಲ್ಲ. ಕೋಲು ಬಾಗಿದ್ದು, ನಾನು "ಯಾ ಅಲ್ಲಾ" ಎಂದದ್ದು, ಷೂ ಸಮೇತ ನೀರಿಗಿಳಿದದ್ದು. ಕೊನೆಗೆ ಮೀನು ಕೈಗೆ ಬಂತು. ಮೊಣಕೈಯಿಂದ ಬೆರಳ ತುದಿಯವರೆಗೆ ಉದ್ದ, ಇದನ್ನು ರೋಜಾ ಇದ್ದೇ ಅಳೆದದ್ದು, ಉಬ್ಬಿದ ಹೊಟ್ಟೆ. ಮೊಟ್ಟೆ ತುಂಬಿದ ಹೆಣ್ಣು. ಮನೆಗೆ ಒಯ್ಯಲು ಕಾನೂನಿನ ಅಡ್ಡಿಯೂ ಇರಲಿಲ್ಲ, ಲೈಸೆನ್ಸ್ ಜೇಬಿನಲ್ಲೇ ಇತ್ತು.

ಗಾಳ ಬಿಡಿಸಲು ಬಾಯಿ ತೆರೆದರೆ, ಗಂಟಲಲ್ಲಿ ಇನ್ನೊಂದು ಪುಟ್ಟ ಮೀನಿನ ಬಾಲ ಕಾಣುತ್ತಿತ್ತು. ಇನ್ನೂ ನುಂಗಿ ಮುಗಿದಿರಲಿಲ್ಲ, ಅಷ್ಟರಲ್ಲೇ ನನ್ನ ಹುಳುವಿಗೂ ಬಾಯಿ ಹಾಕಿದೆ. ಅದನ್ನು ನೋಡಿ ನನಗೆ ನಮ್ಮ ಮನೆಯ ಬೆಳಗಿನ ಜಾವದ ಸಹರಿಯೂಟ ನೆನಪಾಯಿತು. ರೋಜಾ ಶುರುವಾಗಲು ಇನ್ನು ಐದು ನಿಮಿಷ ಇದೆ ಎನ್ನುವಾಗ ಒಂದು ತುತ್ತು ಬಾಯಲ್ಲಿರುವಂತೆಯೇ ನಾನು ಇನ್ನೊಂದಕ್ಕೆ ಕೈ ಹಾಕುವುದೂ ಹೀಗೇ. ಮುಂದೆ ಉಪವಾಸ ಇರುವವರ ಊಟ ಇದು. ಈ ಮೀನು ಸಹರಿಗೆ ಕೂತಿದೆ! ಚಿಕ್ಕಂದಿನಲ್ಲಿ ನಾನು ತಟ್ಟೆಯ ಮುಂದಿದ್ದ ತಂಗಿಯನ್ನು ಆಟಕ್ಕೆ ಎಳೆದಾಗಲೆಲ್ಲ ಅಮ್ಮಿ ಬೆನ್ನಿಗೆ ಒಂದು ಬಿಟ್ಟು, "ಊಟಕ್ಕೆ ಕೂತೋರನ್ನ ಎಬ್ಬಿಸಬಾರದು" ಎನ್ನುತ್ತಿದ್ದರು. ಅಮ್ಮಿಗಾಗಿ ಹಿಡಿದ ಮೀನಿಗೆ ಅಮ್ಮಿಯ ಮಾತೇ ಅಡ್ಡ ಬಂತು. ನೀರಿಗೆ ಬಿಟ್ಟೆ. ಒಂದು ಕ್ಷಣ ಕಾಲ ಬಳಿಯೇ ನಿಂತಿದ್ದು, ಮರದ ಕಡೆಗೆ ಹೊರಟುಹೋಯಿತು. ಬಿಟ್ಟ ಮರುಗಳಿಗೆಗೆ ನನ್ನ ಬುದ್ಧಿಗಿಷ್ಟು ಬೆಂಕಿ ಹಾಕ ಎಂದುಕೊಂಡದ್ದೂ ನಿಜ.

ಮನೆ ಸೇರಿದಾಗ ಎಲ್ಲರೂ ಮೇಜಿನ ಸುತ್ತ ಕೂತಿದ್ದರು. ರೋಜಾ ಬಿಟ್ಟೆವು. ಅಮ್ಮಿ ಎಂದಿನಂತೆ, "ಸಿಕ್ತಾ?" ಎಂದರು.

"ಸಿಕ್ತು."

"ಎಲ್ಲಿ?"

"ಬಿಟ್ಬಿಟ್ಟೆ ಅಮ್ಮಿ. ಮೊಟ್ಟೆ ಇತ್ತು. ಬಾಯಲ್ಲಿ ಇನ್ನೂ ತುತ್ತಿತ್ತು. ಸಹರಿಗೆ ಕೂತಿದ್ದ ಹಾಗಿತ್ತು."

ಹೇಳುತ್ತಿದ್ದ ಹಾಗೇ ನನಗೇ ಗೊತ್ತಾಯಿತು, ಇಷ್ಟು ವರ್ಷ ನಾನು ಹೇಳಿದ ಯಾವ ಸುಳ್ಳೂ ಈ ನಿಜದಷ್ಟು ಕಳಪೆಯಾಗಿರಲಿಲ್ಲ. ಹೆಂಡತಿ ಶಾಹೀನ್ ಬಾಯಿಗೆ ದುಪಟ್ಟಾ ಅಡ್ಡ ಹಿಡಿದಳು. "ಡ್ಯಾಡ್, ಎವ್ರಿಬಡಿ ಸೇಸ್ ದಟ್. ಫೋಟೋ ಎಲ್ಲಿ?" ಎಂದಳು ಮಗಳು ಸನಾ.

ಅಮ್ಮಿ ಖರ್ಜೂರದ ಬೀಜವನ್ನು ತಟ್ಟೆಯ ಅಂಚಿಗಿಟ್ಟರು. "ನಿಜಾನೇ ಹೇಳ್ತಿದ್ದಾನೆ. ಇವನು ಸುಳ್ಳು ಹೇಳೋವಾಗ ಮೀನು ತಗೊಂಡೇ ಬರ್ತಾನೆ."

ನನ್ನ ಕೈಯಲ್ಲಿದ್ದ ಸಮೋಸಾ ಅಲ್ಲೇ ನಿಂತಿತು.

"ಹೋದ ಸಲದ್ದರ ಬಾಯಿ ಬಿಡಿಸಿ ನೋಡಿದ್ದೆ. ಗಾಳದ ತೂತೇ ಇರ್ಲಿಲ್ಲ. ಗಾಳ ಇಲ್ದೆ, ತಾನಾಗೇ ಬಂದು ನಿನ್ನ ಚೀಲದೊಳಗೆ ಕೂತ್ಕೊಳ್ತಾ? ಬಾಯಿಗಿಟ್ರೆ ಸಮುದ್ರದ ಮೀನು!"

"ಎಲ್ಲಾ ಗೊತ್ತಿದ್ದೂ ಮತ್ತೆ ಯಾಕೆ ಕೇಳಿದ್ರಿ?"

"ಫೇಲಾದೋರಿಗೆ ಸಪ್ಲಿಮೆಂಟರಿ ಇರುತ್ತಲ್ಲಪ್ಪ."

ನಾನು ಪಾಸಾದೆನೇ ಎಂದು ಕೇಳಲಿಲ್ಲ. ಅಮ್ಮಿ ತಮ್ಮ ತಟ್ಟೆಯ ಸಮೋಸಾ ಎತ್ತಿ ನನ್ನ ತಟ್ಟೆಗೆ ಹಾಕಿ, "ಖಾ ಲೇ ಬೇಟಾ" ಎಂದರು. ಉರ್ದುವಿನಲ್ಲಿ.

ನಮಾಜ್ ಮುಗಿಸಿ ಬಂದರೆ, ಒಳಕೋಣೆಯಲ್ಲಿ ಅಮ್ಮಿ ಶ್ರೀರಂಗಪಟ್ಟಣದಲ್ಲಿರುವ ತಮ್ಮ ತಂಗಿಯೊಂದಿಗೆ ವಿಡಿಯೋ ಕಾಲಿನಲ್ಲಿದ್ದರು. ನಮಗೆ ಇಫ್ತಾರ್ ಆಗುವ ಹೊತ್ತಿಗೆ ಅಲ್ಲಿ ಸಹರಿಗೆ ಎದ್ದಿರುತ್ತಾರೆ. ಚಿಕ್ಕಮ್ಮನ ಮುಂದೆ ರೊಟ್ಟಿಯ ತಟ್ಟೆ. ಫೋನನ್ನು ಸನಾ ಹಿಡಿದಿದ್ದಳು, ಏಕೆಂದರೆ ಅಮ್ಮಿಗೆ ಎರಡೂ ಕೈ ಬೇಕಾಗಿದ್ದವು. ಮಗ ಇವತ್ತು ಹಿಡಿದು ಬಿಟ್ಟ ಮೀನಿನ ಉದ್ದ ತೋರಿಸುತ್ತಿದ್ದರು. ಕೈಗಳು ಅಗಲವಾಗುತ್ತಾ ಅಗಲವಾಗುತ್ತಾ ಫೋನಿನ ಪರದೆಯಿಂದಲೇ ಆಚೆ ಹೋಗಿದ್ದವು. ನನಗೆ ಈ ವಿದ್ಯೆ ಎಲ್ಲಿಂದ ಬಂತೆಂದು ಆಗ ತಿಳಿಯಿತು. ತಿದ್ದಲು ಬಾಯಿ ತೆರೆದವನು ಸುಮ್ಮನಾದೆ. ಇಲ್ಲಿ ರೋಜಾ ಮುಗಿದಿತ್ತು, ಅಲ್ಲಿ ಇನ್ನೂ ಶುರುವಾಗಿರಲಿಲ್ಲ.