ಮುಗದದ ನೀರು, ಮನಿ ಮಾದ್ಲಿ

ಇವತ್ತ ಮುಂಜಾನಿ ಅಡಗಿಮನಿಯಿಂದ ಮಾದ್ಲಿ ವಾಸನಿ ಬಂತು. ದಪ್ಪನ ಗೋದಿ ರೊಟ್ಟಿ ಸುಟ್ಟು, ಕುಟ್ಟಿ ಪುಡಿ ಮಾಡಿ, ಬೆಲ್ಲ, ಗಸಗಸಿ, ಯಾಲಕ್ಕಿ ಕೂಡಿಸಾಕತ್ತಿದ್ಲು ನಮ್ಮವ್ವ. ನಿಮಗ ಬಾಯಾಗ ನೀರೂರಬಹುದು. ನನಗ ಸಿಟ್ಟು ಬರ್ತೈತಿ.

ಧಾರವಾಡದ ಸಾಲ್ಯಾಗ ಪ್ರಾರ್ಥನಾಕ್ಕ ಎತ್ತರ ನೋಡಿ ನಿಲ್ಲಿಸಿದ್ರ ಎಲ್ಲಾರಕಿಂತ ಮುಂದ ನಾನ. ಹೊಟ್ಟಿ ಉಬ್ಬಿರತಿತ್ತು, ಕೈಕಾಲು ಕಡ್ಡಿ. "ಜ್ವಾಳದ ರೊಟ್ಟಿ ಬಿರುಸು, ಕೂಸಿಗೆ ಅರಗೂದಿಲ್ಲ. ಗೋದಿ ತಿಂದ್ರ ಬೆಳೀತಾಳ" ಅಂತ ಅವ್ವ ನನಗ ಬ್ಯಾರೇನ ಚಪಾತಿ ಮಾಡತಿದ್ಲು. ಮ್ಯಾಲೆ ಹಾಲು ತುಪ್ಪ ಹಾಕಿದ ಮಾದ್ಲಿ, ಬಟ್ಟಲ ತುಂಬ. ನನ್ನ ತಮ್ಮ ಬರೇ ರೊಟ್ಟಿ ತಿಂದು ಬಾಗಿಲೆತ್ತರ ಆದ. ಇಷ್ಟು ಮುದ್ದು ಮಾಡಿ ಯಾರೂ ಯಾರನ್ನೂ ಹಾಳು ಮಾಡಿರಲಿಕ್ಕಿಲ್ಲ.

ಸಾಲಿ ಸೂಟಿಗೆ ಮುಗದಕ್ಕ, ಅಜ್ಜಿ ಮನಿಗೆ ಹೋದ್ರ ಅಲ್ಲಿ ಬ್ಯಾರೆ ಅಡಗಿ ಇಲ್ಲ. ಜ್ವಾಳದ ರೊಟ್ಟಿ, ನುಚ್ಚು, ಮಜ್ಜಿಗಿ. ನನ್ನ ಹೊಟ್ಟಿ ಇಳೀತಿತ್ತು, ಮಾರಿ ಮ್ಯಾಲೆ ಕಳೆ ಬರತಿತ್ತು. "ಹುಡಿಗಿಗೆ ನಿಮ್ಮೂರ ನೀರು ಹಿಡಿಸೈತಿ ನೋಡ್ರಿ" ಅಂತ ಅಜ್ಜಿಗೆ ಹೇಳಿದ ಅಪ್ಪ, ವಾರಕ್ಕೊಮ್ಮೆ ಸ್ಕೂಟರಿಗೆ ಕ್ಯಾನ್ ಕಟಗೊಂಡು ಆ ಬಾವಿ ನೀರು ಧಾರವಾಡಕ್ಕ ತರಾಕ ಹತ್ತಿದ. ಪಾಪ, ಮಳಿ ಅನ್ನಲಿಲ್ಲ, ಬಿಸಲು ಅನ್ನಲಿಲ್ಲ. ಆ ನೀರಾಗ ಅವ್ವ ಕಲಸಿದ್ದು ಮತ್ತ ಗೋದಿ ಹಿಟ್ಟ.

ಮೈಯಾಗ ರಕ್ತ ಇಲ್ಲ ಅಂತ ಹುಬ್ಬಳ್ಳಿ ಡಾಕ್ಟರ್ ಕಡೆ ಹೋದಾಗ ನನಗ ಮೂವತ್ತು ದಾಟಿತ್ತು. ಅವರು ಸೀಲಿಯಾಕ್ ಅಂತ ಜಡ್ಡಿನ ಹೆಸರು ಹೇಳಿದ್ರು. ಗೋದಿ ನನ್ನ ಕರುಳು ಕೆಡಿಸಿ, ಉಂಡದ್ದನ್ನ ಮೈಗೆ ಹತ್ತಗೊಟ್ಟಿರಲಿಲ್ಲಂತ. "ಸಣ್ಣಾಕಿದ್ದಾಗ ಗೊತ್ತಾಗಿದ್ರ ಎತ್ತರ ಬೆಳೀತಿದ್ರೇನೋ. ಈಗ ಎಲುಬು ಬೆಳಿಯೂದು ನಿಂತೈತ್ರಿ" ಅಂದ್ರು. ಅವ್ವ ಇನ್ನೂ ನಂಬಿಲ್ಲ. "ಗೋದಿ ತಿಂದು ಯಾರರ ಕುಳ್ಳ ಆಗತಾರೇನು? ನೀ ತಿಂದದ್ದು ಕಡಿಮಿ ಆತು" ಅಂತಾಳ. ಬಸ್ಸಿನಾಗ ಮ್ಯಾಲಿನ ಕಂಬಿ ನಿಲುಕಲಾರದ ನನಗ ಕಂಡಕ್ಟರ್ ಮಾತ್ರ ಈಗೂ ಕೇಳತಾನ, "ಯಾವ ಕಾಲೇಜು ತಂಗಿ?"

ಈಗ ತಮ್ಮನ ಮಗಳೂ ಪ್ರಾರ್ಥನಾದಾಗ ಎಲ್ಲಾರಕಿಂತ ಮುಂದ ನಿಲ್ಲತಾಳ. ಈ ಜಡ್ಡು ವಂಶದಾಗ ಬರಬಹುದು, ಬರದನೂ ಇರಬಹುದು. ರಕ್ತ ಪರೀಕ್ಷಾ ಮಾಡಸ್ರಿ ಅಂತ ಜಗಳಾಡಿ ನಾಳಿಗೆ ಒಪ್ಪಿಸೇನಿ. ಅಲ್ಲೀತನಕ ಗೋದಿ ಬಿಡಿಸಬ್ಯಾಡ್ರಿ, ಬಿಡಿಸಿದ್ರ ಪರೀಕ್ಷಾದಾಗ ಜಡ್ಡು ಕಾಣಲಿಕ್ಕಿಲ್ಲ ಅಂದಾರ ಡಾಕ್ಟರ್. ಹಿಂಗಾಗಿ ಮಾದ್ಲಿ ಬಟ್ಟಲ ಹಿಡಕೊಂಡು ನಾನ ಕುಂತೆ, ನಾನ ತಿನಿಸಿದೆ.

"ನೀನೂ ತಿನ್ನು ಅತ್ತಿ."

"ನನಗ ಬ್ಯಾಡವಾ."

ಬಾಯಿತುಂಬ ಮಾದ್ಲಿ ಇಟಗೊಂಡು ಹುಡಿಗಿ ನನ್ನ ನೋಡಿದ್ಲು. "ಅದಕ್ಕ ನೀ ಕುಳ್ಳಿ ಉಳದಿ. ಅಜ್ಜಿ ಹೇಳ್ಯಾಳ."

ಅವ್ವ ಒಳಗಿಂದ ಬಂದು ಬಟ್ಟಲಕ್ಕ ಇನ್ನೊಂದು ಚಮಚ ತುಪ್ಪ ಹಾಕಿ ಹೋದ್ಲು.